ಟ್ರನ್ನಿಯನ್ನಿಗೆ ತೊಂಬತ್ತರ ಎಣ್ಣೆ, ಹೈವೇಗೆ ಜಲ್ಲಿಪುಡಿ

ಹಳೇ ಕಾರುಗಳ ರ‍್ಯಾಲಿಗೆ ಹಸಿರು ಬಾವುಟ ಬೀಸುವ ಫೋಟೋ ಈ ಸಲವೂ ಬಂತು. ಒಂದೇ ಕೋಲಿಗೆ ಏಳು ಕೈ, ಹಿಂದೆ ಫ್ಲೆಕ್ಸು, ಫ್ಲೆಕ್ಸಿನ ಸಂದಿಯಲ್ಲಿ ಕಾರಿನ ಅರ್ಧ ಮುಖ. ಕೆಳಗೆ, ‘ರಸ್ತೆ ಸುರಕ್ಷತೆಯ ಸಂದೇಶ ಸಾರಲು.’ ಯಾರು ಯಾರಿಗೆ ಸಾರುವುದು ಮಾರಾಯ್ರೆ? ಮಂಗಳೂರಿನಿಂದ ಸುರತ್ಕಲ್ ಮುಟ್ಟುವುದರೊಳಗೆ ರಸ್ತೆಯೇ ಕಾರಿಗೆ ಎಲ್ಲ ಸಂದೇಶವನ್ನೂ ಅಡಿಯಿಂದ ಗುದ್ದಿ ಗುದ್ದಿ ಹೇಳಿರುತ್ತದೆ.

ಇರಲಿ, ಉಪಯೋಗದ ಮಾತಾಡುವ. ಅಂಬಾಸಿಡರ್, ಪದ್ಮಿನಿ ಊರಿಗೆ ನಾಲ್ಕು ಸಿಗುತ್ತವೆ. ಜನ ತಿರುಗಿ ನೋಡಬೇಕೆಂದಿದ್ದರೆ ಸ್ಟ್ಯಾಂಡರ್ಡ್ ಹೆರಾಲ್ಡ್ ಹೊರಡಿಸಿ. ಇಟಲಿಯ ಮಿಕೆಲೊಟ್ಟಿ ಗೆರೆ ಎಳೆದದ್ದು, ಇಂಗ್ಲೆಂಡಿನ ಟ್ರಯಂಫ್ ಹೆಸರಿನಲ್ಲಿ ಬಂದದ್ದು, 1961ರಿಂದ ಮದ್ರಾಸಿನಲ್ಲಿ ಕಟ್ಟಿದ್ದು. ಮೊದಲಿನದಕ್ಕೆ 948 ಸಿಸಿ ಎಂಜಿನ್. 1972ಕ್ಕೆ ಅದರ ಜಾಗಕ್ಕೆ ಗಜೆಲ್ ಬಂತು. ಅಂದರೆ ಒಂದು ಕಾರು ಹುಟ್ಟಿ, ಎರಡು ಬಾಗಿಲು ನಾಲ್ಕಾಗಿ, ಹೆಸರೂ ಬದಲಾಯಿಸಿಕೊಳ್ಳಲು ಹಿಡಿದದ್ದು ಹನ್ನೊಂದು ವರ್ಷ. ಹೆಚ್ಚುಕಡಿಮೆ ಅಷ್ಟೇ ಕಾಲದಲ್ಲಿ ನಾವೇನು ಸುಮ್ಮನೆ ಕೂತಿರಲಿಲ್ಲ, ಮಂಗಳೂರಿನ ಪಂಪ್‌ವೆಲ್ ಸರ್ಕಲ್ಲಿಗೆ ಒಂದು ಫ್ಲೈಓವರ್ ಕಟ್ಟಿ ದಾಟಿದೆವು. 2020ರ ಜನವರಿ 31ಕ್ಕೆ ಆಚೆ ದಡ ಮುಟ್ಟಿದ್ದು.

ಮೊದಲು ಕಾಗದಪತ್ರ. 50 ವರ್ಷ ದಾಟಿದ ಕಾರಿಗೆ 2021ರ ನಿಯಮದಲ್ಲಿ ವಿಂಟೇಜ್ ನೋಂದಣಿ ಇದೆ. ನಂಬರಿನ ನಡುವೆ ‘ವಿಎ’ ಅಕ್ಷರ, ಶುಲ್ಕ 20,000 ರೂಪಾಯಿ, ಬಾಳಿಕೆ 10 ವರ್ಷ. ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲಿಗೆ, ರಿಪೇರಿಗೆ ಹೋಗಬಹುದು, ದಿನನಿತ್ಯ ಓಡಿಸುವಂತಿಲ್ಲ. ಹಾಗಾಗಿ ಬಂದರಿಗೆ ಬೂತಾಯಿ ಮೀನು ತರಲು ಹೋದರೆ ಅಪರಾಧ. ಪೆಟ್ರೋಲಿಗೆ ಹೋದವರ ಡಿಕ್ಕಿಯಲ್ಲಿ ಬೂತಾಯಿ ಸಿಕ್ಕರೆ ಏನು ಸೆಕ್ಷನ್ ಎಂಬುದು ವಕೀಲರಿಗೆ ಬಿಟ್ಟದ್ದು.

ಈಗ ಹೆರಾಲ್ಡಿನ ಪ್ರಾಣ ಇರುವ ಜಾಗಕ್ಕೆ ಬನ್ನಿ. ಬಾನೆಟ್ಟು ಮಡ್‌ಗಾರ್ಡು ಸಮೇತ ಮುಂದಕ್ಕೆ ಮಗುಚುತ್ತದೆ, ಟಯರಿನ ಮೇಲೆಯೇ ಕೂತು ಕೆಲಸ ಮಾಡಬಹುದು. ಮುಂದಿನ ಚಕ್ರ ಹಿಡಿದ ನೇರ ಕಂಬದ ಬುಡದಲ್ಲಿ ಬೋಲ್ಟಿಗೆ ಇರುವಂಥ ಮರೆ ಇದೆ. ಅದು ಹಿತ್ತಾಳೆಯಂಥ ಒಂದು ತುಂಡಿನೊಳಗೆ ತಿರುಚಿ ಕೂತಿರುತ್ತದೆ. ಟ್ರನ್ನಿಯನ್ ಎಂದರೆ ಅದೇ. ಅದಕ್ಕೆ ಬೇಕಾದದ್ದು ಗ್ರೀಸಲ್ಲ, ಗೇರ್‌ಬಾಕ್ಸಿಗೆ ಹಾಕುವ 90ರ ಎಣ್ಣೆ. ನಿಪ್ಪಲ್ ನೋಡಿದರೆ ಗ್ರೀಸ್ ನಿಪ್ಪಲಿನ ಹಾಗೇ ಇರುವುದರಿಂದ ಸರ್ವಿಸ್ ಹುಡುಗ ಕಣ್ಣುಮುಚ್ಚಿ ಗ್ರೀಸ್ ಒತ್ತುತ್ತಾನೆ. ಗ್ರೀಸ್ ಮರೆಯ ತಳದವರೆಗೆ ಇಳಿಯುವುದಿಲ್ಲ, ಮೇಲೆ ಗಟ್ಟಿಯಾಗುತ್ತದೆ. ಒಳಗೆ ನೀರು ಕೂರುತ್ತದೆ, ನಮ್ಮ ಉಪ್ಪುಗಾಳಿಗೆ ಕಂಬ ತುಕ್ಕು ಹಿಡಿಯುತ್ತದೆ. ಒಂದು ದಿನ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಮೆಲ್ಲಗೆ ಹೊರಡುವಾಗ ಕಂಬ ಮುರಿದು ಚಕ್ರ ಕಾರಿನಡಿಗೆ ಮಡಚಿಕೊಳ್ಳುತ್ತದೆ. ಪರಿಹಾರ ಸುಲಭ. ಒಂದು ಗ್ರೀಸ್ ಗನ್ ತೊಳೆದು ಅದಕ್ಕೆ 90ರ ಎಣ್ಣೆ ತುಂಬಿ, ಚಕ್ರ ಜ್ಯಾಕಿನ ಮೇಲೆ ಎತ್ತಿ, ಅತ್ತಿತ್ತ ತಿರುಗಿಸುತ್ತಾ, ಮೇಲಿನಿಂದ ಎಣ್ಣೆ ಒಸರುವ ತನಕ ಒತ್ತಬೇಕು. ಎರಡು ಚಕ್ರಕ್ಕೂ ಸೇರಿ ಅರ್ಧ ಗಂಟೆಯ ಕೆಲಸ.

ಇದನ್ನು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ಹೊಂಡ ಮುಚ್ಚುವುದಕ್ಕೂ ಹೀಗೆಯೇ ಒಂದು ಕ್ರಮ ಉಂಟು. ಹೊಂಡದ ಅಂಚನ್ನು ಚೌಕಕ್ಕೆ ಕತ್ತರಿಸಬೇಕು, ನೀರು-ಧೂಳು ತೆಗೆದು ಒಣಗಿಸಬೇಕು, ತಳಕ್ಕೂ ಬದಿಗೂ ಡಾಮರಿನ ಎಮಲ್ಷನ್ ಬಳಿಯಬೇಕು, ಆಮೇಲೆ ಮಿಶ್ರಣ ಹಾಕಿ ಪದರ ಪದರವಾಗಿ ಒತ್ತಬೇಕು. ನಮ್ಮಲ್ಲಿ ನಡೆಯುವುದು ಏನು? ನೀರು ತುಂಬಿದ ಹೊಂಡಕ್ಕೆ ಎರಡು ಬುಟ್ಟಿ ಜಲ್ಲಿ, ಮೇಲೊಂದಿಷ್ಟು ಪುಡಿ, ಹಾರೆಯ ಬೆನ್ನಿನಿಂದ ನಾಲ್ಕು ಪೆಟ್ಟು. ಬಾವುಟದ ಹಿಂದಿನ ರಾತ್ರಿಯಾದರೆ ಐದು ಪೆಟ್ಟು. 2025ರ ಸೆಪ್ಟೆಂಬರಿನಲ್ಲಿ ಕೂಳೂರಿನ ಹತ್ತಿರ ಸ್ಕೂಟರಿನಲ್ಲಿ ಕೆಲಸಕ್ಕೆ ಹೊರಟ ಹೆಂಗಸು ಹೊಂಡಕ್ಕೆ ಬಿದ್ದು ಲಾರಿಯಡಿಗೆ ಸಿಕ್ಕಳು. ಅಲ್ಲಿ ಹೊಂಡ ಇದೆ ಎಂದು ಊರಿಗೆಲ್ಲ ಗೊತ್ತಿತ್ತು. ಇದರಲ್ಲಿ ತಮಾಷೆ ಮಾಡುವಂಥದ್ದು ಏನೂ ಇಲ್ಲ. 15 ವರ್ಷ ದಾಟಿದ ಕಾರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ, ಹೊಗೆಗೆ ಚೀಟಿ, ಇನ್ಶೂರೆನ್ಸು. ಹೆದ್ದಾರಿಗೆ ಎಫ್‌ಸಿ ಯಾವ ಕಚೇರಿ ಕೊಡುತ್ತದೆ? ಹೆಜಮಾಡಿಯಲ್ಲಿ ಟೋಲ್ ಕಟ್ಟಿಸಿಕೊಳ್ಳುವಾಗ ಯಾರೂ ಹೇಳುವುದಿಲ್ಲ.

ರ‍್ಯಾಲಿಯ ರೋಡ್‌ಬುಕ್ಕಿನಲ್ಲಿ ಅಪಾಯದ ಜಾಗಕ್ಕೆ ಆಶ್ಚರ್ಯಸೂಚಕ ಚಿಹ್ನೆ ಹಾಕುವ ಪದ್ಧತಿ. ಸಾಧಾರಣಕ್ಕೆ ಒಂದು, ಜೋರಿಗೆ ಎರಡು, ತೀರಾ ಜೋರಿಗೆ ಮೂರು. ನಂತೂರಿನಿಂದ ಸುರತ್ಕಲ್ಲಿನವರೆಗಿನ ಪುಟ ಬರೆಯಲು ಕೂತವನ ಪೆನ್ನಿನ ಶಾಯಿ ಬೈಕಂಪಾಡಿಗೆ ಮುಗಿದಿರುತ್ತದೆ. ಸಮಯದ ಲೆಕ್ಕ ಬೇರೆ, ಹೇಳಿದ ವೇಗಕ್ಕೇ ಓಡಿಸಬೇಕು. ಗಂಟೆಗೆ ಸರಾಸರಿ 36 ಕಿ.ಮೀ. ಎಂದರೆ ಕಿಲೋಮೀಟರಿಗೆ 100 ಸೆಕೆಂಡ್. ತಡವಾದರೆ ದಂಡ, ಬೇಗ ಬಂದರೆ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ದಂಡ. ಈ ಎರಡನೆಯದರ ಬಗ್ಗೆ ನಮ್ಮ ಜಿಲ್ಲೆಯವರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಪೆಟ್ರೋಲ್ ಈಗ ಇ20. ನೂರರಲ್ಲಿ ಇಪ್ಪತ್ತು ಪಾಲು ಎಥನಾಲ್. ಮನುಷ್ಯ ಕುಡಿದು ಓಡಿಸಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಕಾರು ಕುಡಿದು ಓಡಿದರೆ ದೇಶಸೇವೆ. ಹೆರಾಲ್ಡಿಗೆ ಈ ಅಭ್ಯಾಸ ಇಲ್ಲ. ಎಂಜಿನ್ನಿಗೆ ಪೆಟ್ರೋಲ್ ಎತ್ತುವ ಪಂಪಿನ ಹಳೇ ರಬ್ಬರ್ ಡಯಾಫ್ರಮ್ಮು, ಪೈಪು ಉಬ್ಬಿ ಮೆತ್ತಗಾಗುತ್ತವೆ. ಟ್ಯಾಂಕಿನ ಗೋಡೆಗೆ ಐವತ್ತು ವರ್ಷದಿಂದ ಅಂಟಿದ ಕೊಳೆಯನ್ನು ಎಥನಾಲ್ ಕರಗಿಸಿ ತಂದು ಕಾರ್ಬ್ಯುರೇಟರಿನ ಜೆಟ್ಟಿನಲ್ಲಿ ಕೂರಿಸುತ್ತದೆ. ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಹಾಗಾಗಿ ಎಥನಾಲಿಗೆ ತಾಳುವ ಪೈಪ್, ಟ್ಯಾಂಕಿಗೂ ಪಂಪಿಗೂ ನಡುವೆ ಒಂದು ಫಿಲ್ಟರ್, ಮೇನ್ ಜೆಟ್ ಒಂದು ನಂಬರ್ ದೊಡ್ಡದು, ಡಯಾಫ್ರಮ್ ಕಿಟ್ ಒಂದು ಹೆಚ್ಚಿಗೆ. ಜೊತೆಗೆ ಪ್ಲಗ್ಗಿನ ಕಿಡಿಗೆ ಬೇಕಾದ ಪಾಯಿಂಟ್ ಸೆಟ್, ಕಂಡೆನ್ಸರ್, ಫ್ಯಾನ್ ಬೆಲ್ಟ್. ಪಾಯಿಂಟಿನ ಗ್ಯಾಪ್ 0.38 ಮಿ.ಮೀ. ಇಡಿ.

ಹೆಬ್ರಿ ದಾಟಿ ಸೋಮೇಶ್ವರದಿಂದ ಆಗುಂಬೆ ಹತ್ತುವಾಗ ಹೆರಾಲ್ಡಿಗೆ ತನ್ನ ಮರ್ಯಾದೆ ವಾಪಸ್ ಸಿಗುತ್ತದೆ. ಅದು ಸುಮಾರು 25 ಅಡಿ ಜಾಗದಲ್ಲಿ ಪೂರ್ತಿ ಸುತ್ತು ತಿರುಗುವ ಕಾರು. 14 ತಿರುವುಗಳಲ್ಲಿ ಎಸ್‌ಯುವಿಗಳು ಹಿಂದೆ-ಮುಂದೆ ಮಾಡುತ್ತಿರುವಾಗ ಇದು ಅಂಗಳದಲ್ಲಿ ಕೋಳಿ ತಿರುಗಿದ ಹಾಗೆ ತಿರುಗಿ ಹೋಗುತ್ತದೆ. ಆದರೆ ಪೆಟ್ರೋಲ್ ಪಂಪ್ ಎಂಜಿನ್ನಿನ ಬದಿಗೇ ಇರುವುದರಿಂದ ಏರಿನ ಬಿಸಿಗೆ ಪೆಟ್ರೋಲ್ ಆವಿಯಾಗಿ ಎಂಜಿನ್ ಕೆಮ್ಮಿ ನಿಲ್ಲಬಹುದು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯಿರಿ. ಮಂಗಗಳಿಗೆ ತಿಂಡಿ ಹಾಕಬೇಡಿ, ಅವು ಬಾನೆಟ್ಟಿನ ಮೇಲೆ ಕೂರುತ್ತವೆ. ಇಳಿಯುವಾಗ ಎರಡನೇ ಗೇರ್. ಡ್ರಮ್ ಬ್ರೇಕನ್ನು ತುಳಿದೇ ಇಳಿಸಿದರೆ ಲೈನರ್ ಕಾದು ಹಿಡಿತ ಬಿಡುತ್ತದೆ. ತಿರುವಿನ ಮಧ್ಯದಲ್ಲಿ ಆಕ್ಸಿಲರೇಟರಿನಿಂದ ಫಕ್ಕನೆ ಕಾಲು ತೆಗೆಯಲೇಬೇಡಿ. ಹಿಂದಿನ ಚಕ್ರ ಒಳಕ್ಕೆ ಮಡಚಿ ಕಾರು ಹಿಂಬದಿಯಿಂದ ಜಾರುತ್ತದೆ.

ಹೊರಡುವ ದಿನದ ಒಂದು ವಿಷಯ ಹೇಳಲು ಬಿಟ್ಟುಹೋಯಿತು. ಇದರ ಫ್ಯಾನ್ ತಿರುಗುವುದು ಎಂಜಿನ್ ತಿರುಗಿದಷ್ಟೇ. ಬಾವುಟದ ಮುಂದೆ ಸ್ಟಾರ್ಟಿನಲ್ಲಿಟ್ಟು ನಿಂತರೆ ಸ್ವಾಗತ ಭಾಷಣ ಮುಗಿಯುವುದರೊಳಗೆ ರೇಡಿಯೇಟರ್ ಕುದಿಯುತ್ತದೆ. ಆಫ್ ಮಾಡಿ ಕೂತಿರಿ, ವಂದನಾರ್ಪಣೆ ಶುರುವಾದಾಗ ಸೆಲ್ಫ್ ಹೊಡೆಯಿರಿ. ಸೆಲ್ಫ್ ಎತ್ತದಿದ್ದರೆ ಗಾಬರಿ ಬೇಡ, ತಳ್ಳಲು ವೇದಿಕೆಯ ಮೇಲೆ ಹನ್ನೆರಡು ಜನ ಇದ್ದಾರೆ.