ಚಳಿಯ ತಪ್ಪನ್ನು ಕೈಗುಣದ ಮೇಲೆ ಹೊರಿಸಬೇಡಿ

ಇವತ್ತು ಬೆಳಿಗ್ಗೆ ಬೇವಿನ ಹಿಂಡಿ ತರಲೆಂದು ಊರ ಹೊರಗಿನ ನರ್ಸರಿಯೊಂದಕ್ಕೆ ಹೋಗಿದ್ದೆ. ಅಲ್ಲಿ ಕಂಡದ್ದನ್ನು ಬರೆಯದೆ ಇದ್ದರೆ ನನಗೆ ಸಮಾಧಾನವಾಗುವುದಿಲ್ಲ. ಹೊಸದಾಗಿ ಸಂಸಾರ ಹೂಡಿದಂತಿದ್ದ ಒಬ್ಬ ಹೆಣ್ಣುಮಗಳು ಮೆಣಸಿನಕಾಯಿ ಬೀಜ ಹಾಕಿದ್ದ ಟ್ರೇಯನ್ನು ಬಟ್ಟೆಯ ಚೀಲದಲ್ಲಿ ಜೋಪಾನವಾಗಿ ಹಿಡಿದು ತಂದಿದ್ದಳು. ಬೀಜ ಹಾಕಿ ಹತ್ತು ದಿನವಾದರೂ ಒಂದೂ ಹುಟ್ಟಿಲ್ಲವೆಂದು ಆಕೆ ಹೇಳಿ ಮುಗಿಸುವ ಮೊದಲೇ, ಅಂಗಡಿಯಾತ ಟ್ರೇಯ ಕಡೆ ಕಣ್ಣು ಕೂಡ ಹಾಯಿಸದೆ, ಮಣ್ಣು ಸರಿಯಿಲ್ಲವೆಂದು ಹೇಳಿ ತೆಂಗಿನ ನಾರಿನ ಪುಡಿಯ ಕೋಕೋಪೀಟ್ ಇಟ್ಟಿಗೆಯೊಂದನ್ನು, ಬೇರಿಗೆ ಹಾಕುವ ಟಾನಿಕ್ಕಿನ ಬಾಟಲಿಯೊಂದನ್ನು, ಜೊತೆಗೆ ಇನ್ನೊಂದು ಬೀಜದ ಪ್ಯಾಕೆಟ್ಟನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ದುಡ್ಡು ತೆಗೆಯುತ್ತ ಆಕೆ ನನ್ನ ಕಡೆ ತಿರುಗಿ, “ನನ್ನ ಕೈಗುಣವೇ ಸರಿಯಿಲ್ಲ ಅನ್ಸುತ್ತೆ ಆಂಟಿ, ನಮ್ಮತ್ತೆಯೂ ಹಾಗೇ ಅಂತಾರೆ” ಎಂದಳು.

ಆ ಮಾತು ಕೇಳಿ ನನಗೆ ಸುಮ್ಮನಿರಲಾಗಲಿಲ್ಲ. ಟ್ರೇ ತೆಗೆದುಕೊಂಡು ಒಂದು ಗುಳಿಯ ಮಣ್ಣನ್ನು ಉಗುರಿನಿಂದ ಮೆಲ್ಲಗೆ ಸರಿಸಿ ನೋಡಿದೆ. ಮಣ್ಣು ತಣ್ಣಗೆ, ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿತ್ತು. ಬೀಜ ಮಾತ್ರ ಗಟ್ಟಿಯಾಗಿಯೇ ಇತ್ತು. ನೀರು ಕುಡಿದು ಉಬ್ಬಿ, ಸಿಪ್ಪೆಯ ಒಂದು ಅಂಚು ಬಿರಿದು, ಅಲ್ಲಿ ಸಾಸಿವೆಯ ಕಾಲುಭಾಗದಷ್ಟು ಬಿಳಿಯ ಮೊಳಕೆ ತಲೆ ಹಾಕಿತ್ತು. “ಇದನ್ನು ಎಲ್ಲಿ ಇಟ್ಟಿದ್ದೆಯಮ್ಮ?” ಎಂದು ಕೇಳಿದೆ. ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಿನಲ್ಲಿ ಇಟ್ಟಿದ್ದಳಂತೆ. ಆಕೆಯ ಬೀಜದಲ್ಲಿ ದೋಷವಿರಲಿಲ್ಲ, ಕೈಯಲ್ಲಂತೂ ಇರಲೇ ಇಲ್ಲ. ಮಾಗಿಯ ಚಳಿಯಲ್ಲಿ ಮೆಣಸಿನ ಬೀಜಕ್ಕೆ ಹತ್ತು ದಿನ ಸಾಲದು, ಅಷ್ಟೇ ವಿಷಯ. ಆ ಒಂದು ಮಾತನ್ನು ಹೇಳಬೇಕಾದವನು ಹೇಳದೆ ಮೂರು ಸಾಮಾನು ಮಾರಲು ಹೊರಟಿದ್ದ.

ನಾನು ಶಾಲೆಯಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳು, ಪಾಂಡವಪುರದ ಕಡೆಯ ನಾಲೆ ಬಯಲಿನ ಊರಿನವಳು, ಈಗ ಮೈಸೂರಿನ ಕುವೆಂಪುನಗರದ ತಾರಸಿಯ ಮೇಲೆ ಮನೆಗೆ ಬೇಕಾದಷ್ಟು ಸೊಪ್ಪು ತರಕಾರಿ ಬೆಳೆದುಕೊಳ್ಳುವವಳು ಎಂಬುದು ನಿಮಗೆಲ್ಲ ಗೊತ್ತೇ ಇದೆ. ಈ ಚಳಿಯ ವಿಷಯವನ್ನು ನಾನು ಹಿಂದೆಯೂ ಇಲ್ಲಿ ಬರೆದಿದ್ದೇನೆ. ಮತ್ತೆ ಬರೆಯಬೇಕಾಗಿ ಬಂದಿರುವುದಕ್ಕೆ ನನಗೆ ಬೇಸರವಿದೆ. ಆದರೆ ಈ ಸಲ ಸಂಕ್ರಾಂತಿ ಕಳೆದು ರಥಸಪ್ತಮಿ ಮುಗಿದರೂ ಬೆಳಗಿನ ಜಾವದ ಚಳಿ ಜಗ್ಗಿಲ್ಲ. ನನ್ನ ಪರಿಚಯದ ಎಷ್ಟೋ ಮನೆಗಳಲ್ಲಿ ಬೆಂಡೆ, ಮೆಣಸಿನಕಾಯಿ, ಹೀರೆ, ಸೌತೆಯ ಬೀಜಗಳು ಮಣ್ಣಿನಲ್ಲಿ ಹಾಗೇ ಕುಳಿತಿವೆ. ಎಲ್ಲರೂ ಬೀಜವನ್ನೋ ಮಣ್ಣನ್ನೋ ತಮ್ಮ ಕೈಯನ್ನೋ ಬೈದುಕೊಳ್ಳುತ್ತಿದ್ದಾರೆಯೇ ಹೊರತು ಚಳಿಯ ಹೆಸರೆತ್ತುವವರು ಒಬ್ಬರೂ ಕಾಣುವುದಿಲ್ಲ.

“ನಮ್ಮ ಮೈಸೂರಿನಲ್ಲಿ ಅದೇನು ಮಹಾ ಚಳಿ?” ಎಂದು ಕೇಳುವವರಿದ್ದಾರೆ. ಸ್ವೆಟರ್ ಹಾಕಿಕೊಳ್ಳುವವರ ಲೆಕ್ಕದಲ್ಲಿ ಆ ಪ್ರಶ್ನೆ ಸರಿಯಿರಬಹುದು, ಬೀಜದ ಲೆಕ್ಕದಲ್ಲಿ ಸರಿಯಲ್ಲ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ಊರು ನಮ್ಮದು. ಮಾಗಿಯಲ್ಲಿ ಮಧ್ಯಾಹ್ನದ ಬಿಸಿಲು 28 ಡಿಗ್ರಿ ಮುಟ್ಟಿದರೂ ಬೆಳಗಿನ ಜಾವಕ್ಕೆ 15 ಡಿಗ್ರಿಯ ಆಸುಪಾಸಿಗೆ, ಆಕಾಶ ನಿಚ್ಚಳವಾಗಿದ್ದ ರಾತ್ರಿಗಳಲ್ಲಿ ಇನ್ನೂ ಕೆಳಕ್ಕೆ ಇಳಿಯುತ್ತದೆ. ಮೆಣಸಿನ ಬೀಜ ಮೊಳೆಯಲು ಮಣ್ಣು 25 ಡಿಗ್ರಿ ಇದ್ದರೆ ಸುಮಾರು 8 ದಿನ ಸಾಕು. 20 ಡಿಗ್ರಿಯಾದರೆ ಸುಮಾರು 13 ದಿನ, 15 ಡಿಗ್ರಿಯಾದರೆ 25 ದಿನದವರೆಗೂ ಬೇಕಾಗುತ್ತದೆ. 30 ಡಿಗ್ರಿಯಲ್ಲಿ ಒಂದೇ ವಾರಕ್ಕೆ ಹುಟ್ಟುವ ಬೆಂಡೆ 20 ಡಿಗ್ರಿಯಲ್ಲಿ ಎರಡು ವಾರ ದಾಟಿಸುತ್ತದೆ. ಬೀಜದೊಳಗಿನ ಕಿಣ್ವಗಳು ಕೂಡಿಟ್ಟ ಆಹಾರವನ್ನು ಕರಗಿಸಿ ಮೊಳಕೆಗೆ ಉಣಿಸುವ ಕೆಲಸ ಚಳಿಯಲ್ಲಿ ನಿಧಾನವಾಗುತ್ತದೆ. ಅಷ್ಟು ದಿನ ತಣ್ಣನೆಯ ಒದ್ದೆ ಮಣ್ಣಿನಲ್ಲಿ ಕುಳಿತ ಬೀಜವನ್ನು ಶಿಲೀಂಧ್ರ ಹಿಡಿಯುವ ಸಂಭವ ಹೆಚ್ಚು. ಹುಟ್ಟಲಿಲ್ಲವೆಂದು ದಿನವೂ ಮತ್ತಷ್ಟು ನೀರು ಹಾಕುವವರು ಇನ್ನೇನು ಹುಟ್ಟಲಿದ್ದ ಬೀಜವನ್ನು ತಾವೇ ಕೊಳೆಸುತ್ತಾರೆ.

ನೆಲದಲ್ಲಿ ಬಿತ್ತಿದ್ದಕ್ಕಿಂತ ತಾರಸಿಯಲ್ಲಿ ಈ ತೊಂದರೆ ಹೆಚ್ಚು. ಹಿತ್ತಲಿನ ನೆಲ ಹಗಲಿನ ಬಿಸಿಯನ್ನು ಆಳದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಕಾಂಕ್ರೀಟಿನ ಮೇಲೆ ನಾಲ್ಕೂ ಕಡೆ ಗಾಳಿಗೆ ಒಡ್ಡಿಕೊಂಡ ಗ್ರೋಬ್ಯಾಗಿನ ಹಿಡಿ ಮಣ್ಣಿಗೆ ಆ ಶಕ್ತಿಯಿಲ್ಲ, ಅದು ಸಂಜೆ ಬಿಸಿಲು ಇಳಿದೊಡನೆ ತಣ್ಣಗಾಗುತ್ತದೆ. ಅದರ ಮೇಲೆ ಸಂಜೆಯೇ ನೀರು ಹಾಕಿದರೆ ಇಡೀ ರಾತ್ರಿ ಬೀಜ ಆ ಥಂಡಿಯಲ್ಲೇ ಮಲಗಿರಬೇಕು.

ಮಾಗಿಯಲ್ಲಿ ದೋಸೆ ಹಿಟ್ಟು ಉಬ್ಬದಿದ್ದರೆ ನಾವು ಯಾರೂ ಅಕ್ಕಿಯನ್ನು ಬೈಯುವುದಿಲ್ಲ. ಪಾತ್ರೆಗೆ ಬಟ್ಟೆ ಸುತ್ತಿ ಒಲೆಯ ಪಕ್ಕ ಇಡುತ್ತೇವೆ, ಮಾರನೆಯ ದಿನ ಇನ್ನೊಂದಿಷ್ಟು ಹೊತ್ತು ಕಾಯುತ್ತೇವೆ. ಬೀಜದ ವಿಷಯದಲ್ಲಿಯೂ ಅದೇ ತಿಳಿವಳಿಕೆ ಸಾಕು. ನಾಲೆ ಬಯಲಿನಲ್ಲಿ ಬೇಸಿಗೆ ಭತ್ತಕ್ಕೆ ಒಟ್ಲು, ಅಂದರೆ ಸಸಿಮಡಿ, ಹಾಕುವವರು ಬೀಜವನ್ನು ನೆನೆಸಿ, ಗೋಣಿಚೀಲದಲ್ಲಿ ಕಟ್ಟಿ, ಮೇಲೆ ಹುಲ್ಲು ಮುಚ್ಚಿ ಮೊಳಕೆ ಬರಿಸಿಯೇ ಚೆಲ್ಲುತ್ತಾರೆ. ಚಳಿಯಲ್ಲಿ ಪೈರು ನಾಟಿಗೆ ಬರಲು ಹೆಚ್ಚು ದಿನ ಹಿಡಿಯುತ್ತದೆಂಬ ಲೆಕ್ಕವನ್ನು ಮೊದಲೇ ಇಟ್ಟುಕೊಂಡಿರುತ್ತಾರೆ. ಆ ಜ್ಞಾನ ಇಲ್ಲಿಂದ ಒಂದು ಗಂಟೆಯ ದಾರಿಯಲ್ಲಿ ಜೀವಂತವಾಗಿದೆ. ಅಷ್ಟು ಹತ್ತಿರವಿರುವುದು ನಮ್ಮ ತಾರಸಿಗೆ ಬಂದು ಮುಟ್ಟುವುದಿಲ್ಲ. ಸಾವಿರಾರು ಮೈಲಿ ದೂರದ ವಿಡಿಯೊ ಮಾತ್ರ ಬಂದು ಮುಟ್ಟುತ್ತದೆ.

ಆ ವಿಡಿಯೊಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಫೆಬ್ರವರಿ ಬಂದೊಡನೆ “ಬೇಸಿಗೆ ತರಕಾರಿ ಬಿತ್ತುವ ಕಾಲ ಬಂತು” ಎಂದು ಅವುಗಳಲ್ಲಿ ಹೇಳುವುದನ್ನು ಕೇಳಿ ನಮ್ಮವರು ಬಿತ್ತಿಬಿಡುತ್ತಾರೆ. ಆದರೆ ಇಂಗ್ಲೆಂಡಿನಂಥ ದೇಶದಲ್ಲಿ ಫೆಬ್ರವರಿ, ಮಾರ್ಚಿನಲ್ಲಿ ಟೊಮೇಟೊ, ಮೆಣಸಿನಕಾಯಿ ಬಿತ್ತುವವರು ಮನೆಯೊಳಗೆ, ಕಿಟಕಿಯ ಹಲಗೆಯ ಮೇಲೆ ಬಿತ್ತುತ್ತಾರೆ. ಕೆಲವರು ಟ್ರೇಯ ಕೆಳಗೆ ವಿದ್ಯುತ್ತಿನ ಬಿಸಿ ಕೊಡುತ್ತಾರೆ. ಅಲ್ಲಿ ಎಷ್ಟೋ ಕಡೆ ಮೇ ತಿಂಗಳವರೆಗೂ ರಾತ್ರಿಯ ಹಿಮದ ಭಯವಿರುತ್ತದೆ. ಆದ್ದರಿಂದ ಅವರು ಸಸಿಗಳನ್ನು ಒಂದೆರಡು ವಾರ ಹಗಲು ಹೊರಗೆ, ರಾತ್ರಿ ಒಳಗೆ ಇಟ್ಟು ಪಳಗಿಸಿ, ಆಮೇಲೆಯೇ ನೆಲಕ್ಕೆ ಇಳಿಸುತ್ತಾರೆ. ವಸಂತ ತಡವಾಗಿ ಬಂದು ಥಂಡಿ ಹಿಡಿದುಕೊಂಡ ವರ್ಷದಲ್ಲಿ ಹುರುಳಿಕಾಯಿಯ ಬಿತ್ತನೆಯನ್ನೇ ಮುಂದಕ್ಕೆ ಹಾಕುತ್ತಾರೆ. ಅವರ ಎಚ್ಚರಿಕೆಯನ್ನೆಲ್ಲ ಅಲ್ಲಿಯೇ ಬಿಟ್ಟು, ಅವರ ತಿಂಗಳಿನ ಹೆಸರನ್ನಷ್ಟೇ ನಾವು ಎತ್ತಿಕೊಂಡು ಬರುವುದು ಯಾವ ಬುದ್ಧಿವಂತಿಕೆ?

ಮೊಳಕೆಯ ಹಂತ ದಾಟಿದ ಮೇಲೂ ಇದೇ ಕಥೆ ನಡೆಯುತ್ತದೆ. ಟೊಮೇಟೊ ಸಸಿಯ ಎಲೆಗಳ ಹಿಂಭಾಗ ನೇರಳೆ ಬಣ್ಣಕ್ಕೆ ತಿರುಗಿದೆಯೆಂದು ಫೋಟೊ ಕಳಿಸುವವರಿಗೆ ಅಂಗಡಿಯವರು ರಂಜಕದ ಗೊಬ್ಬರ ಕೊಟ್ಟು ಕಳಿಸುತ್ತಾರೆ. ಮಣ್ಣಿನಲ್ಲಿ ರಂಜಕ ಬೇಕಾದಷ್ಟಿದ್ದರೂ ತಣ್ಣನೆಯ ಮಣ್ಣಿನಲ್ಲಿ ಎಳೆಯ ಬೇರು ಅದನ್ನು ಎಳೆದುಕೊಳ್ಳಲಾರದು. ಬಿಸಿಲು ಬಲಿತ ಮೇಲೆ ಹೊಸ ಎಲೆಗಳು ತಾವಾಗಿಯೇ ಹಸಿರಾಗಿ ಬರುತ್ತವೆ. ಹೂ ಉದುರುತ್ತಿದೆಯೆಂದರೆ ಅದಕ್ಕೆ ಇನ್ನೊಂದು ಬಾಟಲಿ ಕೊಡುತ್ತಾರೆ. ರಾತ್ರಿಯ ತಾಪಮಾನ ಸುಮಾರು 13 ಡಿಗ್ರಿಗಿಂತ ಕೆಳಗಿಳಿದರೆ ಟೊಮೇಟೊ ಹೂವಿನಲ್ಲಿ ಪರಾಗ ಸರಿಯಾಗಿ ಕೆಲಸ ಮಾಡುವುದಿಲ್ಲ, ಕಾಯಿ ಕಚ್ಚುವುದಿಲ್ಲ. ಇದನ್ನು ಯಾವ ಬಾಟಲಿ ತಾನೇ ಸರಿಮಾಡೀತು? ಪ್ರತಿಯೊಂದು ಸಲವೂ ಚಳಿ ಮಾಡಿದ ಕೆಲಸಕ್ಕೆ ಗಿಡ ಬೆಳೆದವರು ದಂಡ ಕಟ್ಟುತ್ತಾರೆ. ಇದಕ್ಕೆ ನನಗೆ ನಿಜವಾಗಿಯೂ ಕೋಪ ಬರುತ್ತದೆ.

ಕೋಪಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಇದುವರೆಗೆ ನಾನು ಇಲ್ಲಿ ಹೇಳಿಕೊಂಡಿಲ್ಲ. ನಮ್ಮ ಮನೆಯಲ್ಲಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ದೊಡ್ಡಮ್ಮ ಒಬ್ಬರಿದ್ದರು. ಬಿತ್ತನೆಯ ದಿನ ಅವರನ್ನು ಹೊಲದ ಕಡೆಗೆ ಕರೆಯುತ್ತಿರಲಿಲ್ಲ. ಒಂದು ಮಾಗಿಯಲ್ಲಿ ಹಿತ್ತಲಿನ ಬದನೆ ಒಟ್ಲು ಹುಟ್ಟದೆ ಹೋದಾಗ, ಒಂದು ಸಂಜೆ ದೊಡ್ಡಮ್ಮ ಅದಕ್ಕೆ ನೀರು ಚಿಮುಕಿಸಿದ್ದರೆಂಬ ಒಂದೇ ಕಾರಣಕ್ಕೆ ಮನೆಮಂದಿಯೆಲ್ಲ ಅವರ ಕೈಗುಣವನ್ನು ಆಡಿಕೊಂಡರು. ಅವರು ಎದುರಾಡಲಿಲ್ಲ. ಆದರೆ ಆಮೇಲೆ ಹಿತ್ತಲಿನಲ್ಲಿ ಒಂದು ಬಳ್ಳಿಯನ್ನೂ ಮುಟ್ಟಲಿಲ್ಲ. ಸೊಪ್ಪು ಕೊಯ್ಯುವುದಕ್ಕೂ ನಮ್ಮನ್ನೇ ಕಳಿಸುತ್ತಿದ್ದರು. ಬದನೆ ಬೀಜಕ್ಕೂ ಮೆಣಸಿನ ಬೀಜದಷ್ಟೇ ಬಿಸಿ ಬೇಕೆಂದು ನಾನು ಕಾಲೇಜಿನಲ್ಲಿ ಓದಿ ತಿಳಿಯುವ ಹೊತ್ತಿಗೆ ದೊಡ್ಡಮ್ಮ ತೀರಿಕೊಂಡಿದ್ದರು. ಅವರಿಗೆ ಅದನ್ನು ಹೇಳಲು ಆಗಲಿಲ್ಲವೆಂಬ ನೋವು ನನಗೆ ಈಗಲೂ ಇದೆ. ಆದ್ದರಿಂದ ಓದು ಬರಹ ಬಲ್ಲ, ಸ್ವಂತ ಸಂಪಾದನೆಯುಳ್ಳ ಈ ಕಾಲದ ಹುಡುಗಿಯೊಬ್ಬಳು ಅದೇ ಮಾತನ್ನು ತನಗೆ ತಾನೇ ಹೇಳಿಕೊಳ್ಳುವುದನ್ನು ಕೇಳಿದಾಗ, ಇದನ್ನು ಸಣ್ಣ ವಿಷಯವೆಂದು ಬಿಟ್ಟುಬಿಡಲು ನನ್ನಿಂದ ಸಾಧ್ಯವಿಲ್ಲ.

ಕೈಗುಣವೆಂಬುದು ಇಲ್ಲವೇ ಇಲ್ಲವೇ ಎಂದು ಕೆಲವರು ಕೇಳಬಹುದು. ಕೆಲವರು ನೆಟ್ಟದ್ದೆಲ್ಲ ಚಿಗುರುವುದನ್ನು ನಾವೂ ಕಂಡಿದ್ದೇವೆ. ಅಂಥವರನ್ನು ಹತ್ತಿರದಿಂದ ಗಮನಿಸಿ. ಅವರು ಬೆಳಿಗ್ಗೆ ಮಣ್ಣು ಮುಟ್ಟಿ ನೋಡಿಯೇ ನೀರು ಹಾಕುತ್ತಾರೆ, ಯಾವ ಮೂಲೆಗೆ ಎಷ್ಟು ಹೊತ್ತಿಗೆ ಬಿಸಿಲು ಬರುತ್ತದೆಂದು ಬಲ್ಲರು, ಕಾಲ ನೋಡಿ ಬೀಜ ತೆಗೆಯುತ್ತಾರೆ. ಇದೆಲ್ಲ ಯಾರಾದರೂ ಕಲಿಯಬಹುದಾದ ಕೆಲಸ. ಪಾಲಿಹೌಸಿನಲ್ಲಿ, ಅಂದರೆ ಪ್ಲಾಸ್ಟಿಕ್ ಹೊದಿಸಿದ ಮನೆಯಲ್ಲಿ, ಬೆಳೆಸಿದ ಸಸಿ ತಂದು ನೆಟ್ಟರೆ ಮುಗಿಯಿತಲ್ಲ ಎಂಬ ವಾದವೂ ಇದೆ. ಪಾಲಿಹೌಸಿನ ಬೆಚ್ಚನೆಯ ಆಶ್ರಯದಿಂದ ಅದೇ ದಿನ ತಾರಸಿಯ ಚಳಿಗೆ ಬಂದ ಸಸಿ ದಿನಗಟ್ಟಲೆ ಮುದುರಿಕೊಂಡು ನಿಲ್ಲುತ್ತದೆ, ತಂದವರು ಮತ್ತೆ ಅದೇ ಅಂಗಡಿಗೆ ಓಡುತ್ತಾರೆ.

ಈ ಚಳಿ ನಮಗೆ ಕೊಡುವುದು ಎಷ್ಟಿದೆಯೆಂದು ನೋಡಿದರೆ ಈ ಅವಸರ ಇನ್ನೂ ವ್ಯರ್ಥವೆನಿಸುತ್ತದೆ. ಬೇಸಿಗೆಯಲ್ಲಿ ಗೇಣುದ್ದ ಬೆಳೆಯುವ ಮೊದಲೇ ಹೂವಿಗೆ ಓಡುವ ಕೊತ್ತಂಬರಿ, ಮಾಗಿಯಲ್ಲಿ ವಾರಗಟ್ಟಲೆ ಅಗಲ ಎಲೆ ಬಿಡುತ್ತದೆ. ಪಾಲಕ್, ಮೆಂತ್ಯ, ಸಬ್ಬಸಿಗೆ, ಮೂಲಂಗಿ, ನವಿಲುಕೋಸು, ಬಟಾಣಿ ಎಲ್ಲವೂ ಈ ಥಂಡಿಯನ್ನೇ ಬಯಸುವಂಥವು. ಪಾಲಕ್ ಬೀಜ 15 ಡಿಗ್ರಿಯಲ್ಲೂ ಸುಮಾರು ಒಂದು ವಾರಕ್ಕೆ ಹುಟ್ಟುತ್ತದೆ. ಅವರೆಯ ವಿಷಯ ಹೇಳಲೇಬೇಕಿಲ್ಲ. ಹಗಲು ಕುಗ್ಗದ ಹೊರತು ನಾಟಿ ಅವರೆ ಹೂ ಬಿಡುವುದಿಲ್ಲ; ಅದಕ್ಕೇ ಮುಂಗಾರಿನಲ್ಲಿ ರಾಗಿಯ ಹೊಲದ ನಡುನಡುವೆ ಅಕ್ಕಡಿ ಸಾಲಿನಲ್ಲಿ ಬಿತ್ತಿದರೂ ಸೊಗಡಿನ ಕಾಯಿ ಕೈಗೆ ಸಿಗುವುದು ಮಾಗಿಯಲ್ಲಿ, ಹಿತಕಿದ ಬೇಳೆ ಸಾರು ಕುದಿಯುವುದೂ ಆಗಲೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದವನ್ನು ಲೆಕ್ಕಿಸದೆ ಹೂ ಬಿಡುವ ಹೆಬ್ಬಾಳ ಅವರೆ 3, 4 ತಳಿಗಳನ್ನು ಕೊಟ್ಟಿದ್ದಾರೆ, ಅದು ದೊಡ್ಡ ಉಪಕಾರ. ಆದರೆ ಪ್ಯಾಕೆಟ್ಟಿನಲ್ಲಿರುವುದು ಯಾವ ಅವರೆಯೆಂದು ಹೇಳದೆ ಮಾರಿದರೆ, ಬೇಸಿಗೆಯಲ್ಲಿ ನಾಟಿ ಅವರೆ ಹಾಕಿ ತಿಂಗಳುಗಟ್ಟಲೆ ಬರೀ ಬಳ್ಳಿ ನೋಡುವ ಮನೆಯವರು ಮತ್ತೆ ತಮ್ಮ ಕೈಯನ್ನೇ ಹಳಿದುಕೊಳ್ಳುತ್ತಾರೆ.

ಮಾರುವವರಿಗೆ ನನ್ನ ಕೇಳಿಕೆ ಇಷ್ಟೇ. ಬೀಜ ಕೊಡುವಾಗ “ಇದು ಚಳಿಗೆ ಬರುತ್ತದೆ”, “ಇದಕ್ಕೆ ಶಿವರಾತ್ರಿ ಕಳೆಯಲಿ” ಎಂದು ಒಂದು ಮಾತು ಸೇರಿಸಿ. ಅದರಿಂದ ನಿಮ್ಮ ವ್ಯಾಪಾರ ಕೆಡುವುದಿಲ್ಲ. ಗಿಡ ಹುಟ್ಟಿದವರು ಮತ್ತೆ ನಿಮ್ಮ ಬಳಿಗೇ ಬರುತ್ತಾರೆ. ಬೆಳೆಯುವವರಿಗೂ ಒಂದೆರಡು ಮಾತು ಹೇಳುತ್ತೇನೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆಂದು ಹಿರಿಯರು ಹೇಳಿದ್ದನ್ನು ನಂಬಿ, ಬೆಂಡೆ, ಹೀರೆ, ಸೋರೆ, ಸೌತೆಯನ್ನು ಅಲ್ಲಿಯವರೆಗೆ ಡಬ್ಬಿಯಲ್ಲೇ ಇಡಿ. ಮೆಣಸಿನಕಾಯಿ, ಬದನೆ ಬೇಗ ಬೇಕೆನ್ನುವವರು ಬೀಜವನ್ನು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಡಬ್ಬಿಯಲ್ಲಿಟ್ಟು ಅಡುಗೆಮನೆಯ ಬೆಚ್ಚನೆಯ ಮೂಲೆಯಲ್ಲಿ ಮೊಳಕೆ ಬರಿಸಿ ಆಮೇಲೆ ಮಣ್ಣಿಗೆ ಹಾಕಿ. ನೀರನ್ನು ಬಕೆಟ್ಟಿನಲ್ಲಿ ಬಿಸಿಲಿಗಿಟ್ಟು, ಥಂಡಿ ಬಿಟ್ಟ ಮೇಲೆ ಬೆಳಗಿನ ಹೊತ್ತು ಹಾಕಿ, ಸಂಜೆ ಬೇಡ.

ಆ ಹುಡುಗಿ ಕೊನೆಗೆ ಬಾಟಲಿಯನ್ನೂ ಪ್ಯಾಕೆಟ್ಟನ್ನೂ ಅಲ್ಲಿಯೇ ಬಿಟ್ಟು ತನ್ನ ಟ್ರೇಯನ್ನು ಮನೆಗೆ ಒಯ್ದಳು. ಬಿಸಿಲು ಬೀಳುವ ಗೋಡೆಯ ಪಕ್ಕ ಇಟ್ಟು, ರಾತ್ರಿ ಒಳಗೆ ತಂದಿಡಲು ಹೇಳಿದ್ದೇನೆ. ನನ್ನ ಮನೆಯಲ್ಲಿ ನಮ್ಮ ಮೈಸೂರಿನ ಈರನಗೆರೆ ತಳಿಯ ಬದನೆಯ ಒಟ್ಲು ಬಾಲ್ಕನಿಯ ಬೆಚ್ಚನೆಯ ಜಾಗದಲ್ಲಿ ಚೆನ್ನಾಗಿ ಎದ್ದಿದೆ, ಶಿವರಾತ್ರಿಯ ಹೊತ್ತಿಗೆ ಪೈರು ಕೀಳಲು ಬರುತ್ತದೆ. ಮೈಸೂರಿನಲ್ಲಿರುವ ಸ್ನೇಹಿತರಲ್ಲಿ ಯಾರಿಗೆ ಬೇಕೋ ಅವರು ಮೆಸೆಂಜರಿನಲ್ಲಿ ತಿಳಿಸಿ, ದುಡ್ಡು ಬೇಡ. ನಾಟಿ ಅವರೆಯ ಬೀಜವನ್ನೂ ಒಣಗಿಸಿ ಇಟ್ಟಿದ್ದೇನೆ, ಆದರೆ ಅದನ್ನು ಮುಂಗಾರಿಗೆ ಮೊದಲು ಯಾರು ಕೇಳಿದರೂ ಕೊಡುವುದಿಲ್ಲ.