ಕಾಮನ್ ಕತ್ತಲೆ

ಮೊನ್ನೆ ರಾತ್ರಿ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ತಿರುವಿನಲ್ಲಿ ನಾನು, ನನ್ನ ಎಡಗಾಲಿನ ಚಪ್ಪಲಿ ಮತ್ತು ಒಂದು ಕೆಜಿ ದೋಸೆ ಹಿಟ್ಟು ಮೂರು ದಿಕ್ಕಿಗೆ ಹೋದೆವು. ಅಲ್ಲಿನ ಬಲ್ಬ್ ಹೋಗಿ 18 ದಿನ ಆಗಿತ್ತು. ಮೊದಲ ದಿನವೇ ಸೆಕ್ರೆಟರಿಗೆ ಹೇಳಿದ್ದೆ. 'ಅದು ಕಾಮನ್ ಬಲ್ಬು ಮೇಡಂ' ಅಂದರು. ಮಂಡಿನೋವು ಅಂತ ಹೋದರೆ ಡಾಕ್ಟರು 'ಈ ವಯಸ್ಸಿಗೆ ಕಾಮನ್ ಬಿಡಿ' ಅನ್ನುತ್ತಾರಲ್ಲ, ಅದೇ ಧಾಟಿ.

ಬೆಳಗ್ಗೆ ಏಳುವಷ್ಟರಲ್ಲಿ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಸಮೇತ ಮೆಸೇಜು: 'ಕಾಮನ್ ಏರಿಯಾದಲ್ಲಿ ಹಿಟ್ಟು ಚೆಲ್ಲಿದವರು ದಯವಿಟ್ಟು ಕ್ಲೀನ್ ಮಾಡತಕ್ಕದ್ದು.' ಕತ್ತಲೆ ಎಲ್ಲರದು, ಹಿಟ್ಟು ಮಾತ್ರ ನನ್ನದು!

ಸಿಟ್ಟಿಗೆ ಕಾನೂನನ್ನೇ ತೆಗೆದು ಓದಿದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಲ್ಲಿ ಮೆಟ್ಟಿಲೂ 'ಕಾಮನ್ ಏರಿಯಾ'ದ ಪಟ್ಟಿಯಲ್ಲಿದೆ. ಅದರಲ್ಲಿ ಎಲ್ಲ ಮಾಲೀಕರಿಗೂ ಪಾಲುಂಟು, ಆದರೆ ಪಾಲು ಮಾಡಿ ಕೊಡಿ ಅನ್ನುವಂತಿಲ್ಲ. ಇರುವುದು 12 ಮನೆ. ಹನ್ನೆರಡರಲ್ಲಿ ಒಂದು ಪಾಲು ಕತ್ತಲೆ ನನ್ನದು ಅಂತಾಯಿತು. ಬಿದ್ದದ್ದು ಮಾತ್ರ ಪೂರ್ತಿ ನಾನೇ.

ನಮ್ಮ ಸೆಕ್ರೆಟರಿ ಕೆಟ್ಟವರಲ್ಲ. ಮಾಮೂಲಿ ದಿನಗಳಲ್ಲಿ ಒಳ್ಳೆ ಕನ್ನಡ ಆಡುತ್ತಾರೆ. ಕೆಲಸ ಹಂಚುವ ಹೊತ್ತಿಗೆ ಮಾತ್ರ ಇಂಗ್ಲಿಷು ಬಂದುಬಿಡುತ್ತದೆ, ಅದರಲ್ಲೂ ಎರಡೇ ಶಬ್ದ: 'ಲೆಟ್ ಅಸ್.' ಲೆಟ್ ಅಸ್ ಕ್ಲೀನ್ ದ ಟೆರೇಸ್. ಲೆಟ್ ಅಸ್ ಕಲೆಕ್ಟ್ ಓಲ್ಡ್ ನ್ಯೂಸ್‌ಪೇಪರ್ಸ್. ಹೋದ ಗಣೇಶನ ಹಬ್ಬಕ್ಕೆ 'ಲೆಟ್ ಅಸ್ ಮೇಕ್ ಕಡುಬು' ಅಂತ ಬಂತು. ಹಾಕಿದ್ದೇ ತಡ, ಹೆಬ್ಬೆಟ್ಟುಗಳು ಸಾಲಾಗಿ ಎದ್ದು ನಿಂತವು. ಹಬ್ಬದ ದಿನ ಬೆಳಗಿನ ಜಾವ ಐದಕ್ಕೆ ಆ 'ಅಸ್' ಯಾರು ಅಂತ ನೋಡಿದರೆ ನಾನು ಮತ್ತು ಕೆಳಗಿನ ಮನೆಯ ತಮಿಳು ಮಾಮಿ. ಇಬ್ಬರೇ ಕೂತು 120 ಕಡುಬು ಮಾಡಿದೆವು. ಕೊಬ್ಬರಿ ತುರಿದು ತುರಿದು ನನ್ನ ಹೆಬ್ಬೆಟ್ಟು ವಾಟ್ಸಾಪಿಗೂ ಬಾರದಂತಾಯಿತು. ಮಂಗಳಾರತಿ ಹೊತ್ತಿಗೆ ಸರಿಯಾಗಿ ಸೆಕ್ರೆಟರಿ ರೇಷ್ಮೆ ಪಂಚೆಯಲ್ಲಿ ಇಳಿದು ಬಂದು, 'ಟುಗೆದರ್ ವೀ ಮೇಡ್ ಇಟ್' ಅಂತ ಸಣ್ಣ ಭಾಷಣ ಮಾಡಿ ಆರು ಕಡುಬು ತಿಂದರು. ಲೆಕ್ಕ ನನಗೆ ಚೆನ್ನಾಗಿ ನೆನಪಿದೆ, ಆರು. ಮನೆಗೆ ಅಂತ ಡಬ್ಬಿಯಲ್ಲಿ ಒಯ್ದದ್ದು ಬೇರೆ.

ಆವತ್ತು ಪಾತ್ರೆ ತೊಳೆಯುತ್ತಾ ಮಾಮಿ ಒಂದು ವಿಷಯ ಹೇಳಿದರು. ತಮಿಳಿನಲ್ಲಿ 'ನಾವು' ಎರಡಂತೆ. 'ನಾಮ್' ಅಂದರೆ ನೀನೂ ಸೇರಿ ನಾವು, 'ನಾಂಗಳ್' ಅಂದರೆ ನಿನ್ನನ್ನು ಬಿಟ್ಟು ನಾವು. ತೆಲುಗಿನಲ್ಲೂ ಹಾಗೇ: ಮನಮು, ಮೇಮು. ನಮ್ಮ ಈಗಿನ ಕನ್ನಡಕ್ಕೆ ಒಂದೇ 'ನಾವು', ಇಂಗ್ಲಿಷಿಗೂ ಒಂದೇ. ಆದರೆ ಸೆಕ್ರೆಟರಿಯ 'ಅಸ್' ಈ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅದರಲ್ಲಿ ಕೇಳಿಸಿಕೊಂಡವರೆಲ್ಲ ಇರುತ್ತಾರೆ, ಹೇಳಿದವರೊಬ್ಬರನ್ನು ಬಿಟ್ಟು. ಇಂಥ ಸರ್ವನಾಮ ಯಾವ ವ್ಯಾಕರಣದಲ್ಲಿದೆಯೋ, 'ಆಂಡವನುಕ್ಕೇ ತೆರಿಯುಂ', ದೇವರಿಗೇ ಗೊತ್ತು, ಅನ್ನುವ ಮುಖ ಮಾಡಿ ಮಾಮಿ ಬಾಣಲೆ ಉಜ್ಜಿದರು.

ಇಂಗ್ಲಿಷಿನ ಮೇಲೆ ನನಗೆ ಹಗೆಯೇನಿಲ್ಲ. 'ಒನ್ ಬೈ ಟೂ' ಅದೇ ಭಾಷೆಯದು, ಅದರಷ್ಟು ನಿಯತ್ತಿನ ಶಬ್ದ ಇನ್ನೊಂದಿಲ್ಲ. ದರ್ಶಿನಿಯಲ್ಲಿ ನಿಂತು ಹೇಳಿದರೆ ಎರಡು ಲೋಟ ಬರುತ್ತವೆ, ಇಬ್ಬರೂ ಕುಡಿಯುತ್ತಾರೆ. ಒಬ್ಬರು ಕುಡಿದು ಇನ್ನೊಬ್ಬರು ಲೋಟ ತೊಳೆಯುವ ಪದ್ಧತಿ ಇನ್ನೂ ಬಂದಿಲ್ಲ.

ಅಜ್ಜಿಯ ಊರಿನಲ್ಲಿ ಕೂಡಿ ಕೆಲಸ ಮಾಡುವುದಕ್ಕೆ 'ಮುಯ್ಯಾಳು' ಅನ್ನುತ್ತಿದ್ದರು. ಇವತ್ತು ನಿಮ್ಮ ಗದ್ದೆ ನಾಟಿಗೆ ನಾವು, ನಾಳೆ ನಮ್ಮದಕ್ಕೆ ನೀವು. ಆಗಿನವರೆಲ್ಲ ದೇವರಂಥವರು ಅಂತ ನಾನು ಹೇಳುವುದಿಲ್ಲ. ಅಜ್ಜಿಗೆ ಓದು ಬರುತ್ತಿರಲಿಲ್ಲ, ಆದರೆ 'ಅವರ ಮನೆಗೆ ಇಬ್ಬರು ಹೋಗಿದ್ವಿ, ಬಂದಿದ್ದು ಒಬ್ಬಳೇ, ಇನ್ನೊಂದಾಳು ಬಾಕಿ' ಅಂತ ಮುಂದಿನ ಮಳೆಗಾಲದ ತನಕ ಬಾಯಲ್ಲೇ ಇಟ್ಟುಕೊಂಡಿರುತ್ತಿದ್ದಳು. ಬಾಕಿ ಇದ್ದವರು ಎದುರು ಸಿಕ್ಕಿದರೆ ಅವರೇ ತಲೆ ತಗ್ಗಿಸಿ 'ಬರ್ತೀನಮ್ಮ' ಅನ್ನುತ್ತಿದ್ದರು. ನಡು ಬಗ್ಗಿಸಿ ಸಾಲಾಗಿ ಸಸಿ ನೆಡುತ್ತಿದ್ದ ಆ ಹೆಂಗಸರ ನಡುವೆ ಅಜ್ಜಿಯ ಕೆಂಪು ಸೀರೆ ಯಾವುದು ಅಂತ ಬದುವಿನ ಮೇಲೆ ಕೂತು ಹುಡುಕುತ್ತಿದ್ದೆ. ಮಳೆಯಲ್ಲಿ ಎಲ್ಲ ಸೀರೆಯೂ ಒಂದೇ ಬಣ್ಣಕ್ಕೆ ತಿರುಗಿಬಿಟ್ಟಿರುತ್ತಿತ್ತು.

ನಿನ್ನೆ ನಾನೇ ಅಂಗಡಿಗೆ ಹೋಗಿ ಬಲ್ಬ್ ತಂದೆ. ಮಾಮಿ ಸ್ಟೂಲ್ ಹಿಡಿದರು, ನಾನು ಹತ್ತಿ ಹಾಕಿದೆ. ಒಣಗಿ ಅಂಟಿದ್ದ ಹಿಟ್ಟನ್ನೂ ಕೆರೆದೆ. ಕೈ ತೊಳೆದು ಬರುವಷ್ಟರಲ್ಲಿ ಫೋನು ಟಿಂಗ್ ಅಂತು. ಉರಿಯುತ್ತಿರುವ ಬಲ್ಬಿನ ಫೋಟೋ, ಕೆಳಗೆ 'ಹ್ಯಾಪಿ ಟು ಇನ್‌ಫಾರ್ಮ್, ವೀ ಹ್ಯಾವ್ ರಿಪ್ಲೇಸ್ಡ್ ದ ಕಾಮನ್ ಬಲ್ಬ್.'

ಅದಕ್ಕೆ ಹತ್ತು ಹೆಬ್ಬೆಟ್ಟು ಬಿದ್ದಿದ್ದವು. ಒಂದು ನಮ್ಮ ಯಜಮಾನರದು.