ಸ್ಟೇಟ್ ಬ್ಯಾಂಕಿಗೆ ಮೂರು ಟಿಕೆಟು

ಮೈಸೂರಿನಲ್ಲಿ ಹುಟ್ಟಿ ಬೆಳೆದವರಿಗೆ ಪ್ರವಾಸಿಗರೆಂದರೆ ಒಳಗೊಳಗೇ ಒಂದು ತಾತ್ಸಾರವಿರುತ್ತದೆ. ದಸರಾ ರಜೆಯಲ್ಲಿ ಅರಮನೆಯ ಮುಂದೆ ಹನುಮಂತನ ಬಾಲದಂತೆ ಬೆಳೆದ ಸಾಲನ್ನು ಕಂಡಾಗಲೆಲ್ಲ ನಾನು ಸ್ಕೂಟರಿನ ವೇಗ ತಗ್ಗಿಸಿ, "ಪಾಪ, ಇವರ ಪಾಲಿಗೆ ಮೈಸೂರು ಎಂದರೆ ಇಷ್ಟೇ" ಎಂದು ಮರುಗಿ ಮುಂದೆ ಸಾಗುತ್ತೇನೆ. ನಿಜವಾದ ಮೈಸೂರು ಇರುವುದು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿನ ಬೆಳಗಿನ ನಡಿಗೆಯಲ್ಲಿ, ದೇವರಾಜ ಮಾರುಕಟ್ಟೆಯ ವೀಳ್ಯದೆಲೆ ಅಂಗಡಿಗಳ ಮುಂದೆ ಎಂಬುದು ನನ್ನ ಅಚಲ ನಂಬಿಕೆ. ನಾನು ಅರಮನೆಯ ಒಳಗೆ ಕಾಲಿಟ್ಟದ್ದು ಏಳನೆಯ ತರಗತಿಯಲ್ಲಿದ್ದಾಗ, ಮೇಷ್ಟರ ಹಿಂದೆ ಸಾಲುಗಟ್ಟಿಕೊಂಡು. ಒಳಗೆ ಏನೇನಿತ್ತು ಎಂಬುದಕ್ಕಿಂತ, ಹೊರಗೆ ಚಪ್ಪಲಿ ಅದಲುಬದಲಾಗಿ ಒಂದು ದೊಡ್ಡದನ್ನೂ ಒಂದು ಚಿಕ್ಕದನ್ನೂ ಮೆಟ್ಟಿಕೊಂಡು ಮನೆಗೆ ಬಂದದ್ದೇ ಹೆಚ್ಚು ಚೆನ್ನಾಗಿ ನೆನಪಿದೆ.

ಕಳೆದ ಜುಲೈ ಕೊನೆಯಲ್ಲಿ ಮಗಳನ್ನು ಕಾಲೇಜಿಗೆ ಸೇರಿಸಲು ಮಂಗಳೂರಿಗೆ ಹೋಗಬೇಕಾಗಿ ಬಂದಾಗ ಈ ನಂಬಿಕೆಯನ್ನೂ ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೊರಟೆ. ಸೇರಿಸುವ ಕೆಲಸ ಮುಗಿದ ಮೇಲೆ ಎರಡು ದಿನ ಉಳಿಯುತ್ತಿತ್ತು. ಮಗಳು ಫೋನಿನಲ್ಲಿ ಹನ್ನೊಂದು ಜಾಗಗಳ ಪಟ್ಟಿ ಮಾಡಿಟ್ಟುಕೊಂಡಿದ್ದಳು. ನಾನು ಅದನ್ನು ಕನ್ನಡಕ ಏರಿಸಿ ಓದಿ, "ಇವೆಲ್ಲ ಹೊರಗಿನವರು ಹೋಗುವ ಜಾಗಗಳಮ್ಮಾ. ನಾವು ಊರಿನವರು ಹೋಗುವ ಕಡೆಗೆ ಹೋಗೋಣ" ಎಂದೆ. "ನಾವು ಹೊರಗಿನವರೇ ಅಲ್ಲವಾಪ್ಪಾ?" ಎಂದು ಅವಳು ಕೇಳಿದ ಪ್ರಶ್ನೆ ತರ್ಕಬದ್ಧವಾಗಿದ್ದುದರಿಂದ ನಾನು ಅದಕ್ಕೆ ಉತ್ತರಿಸಲಿಲ್ಲ. ನನ್ನ ಹೆಂಡತಿ, ಯಾರ ಪಟ್ಟಿ ಗೆದ್ದರೂ ಗೋಡಂಬಿ ಕೊಳ್ಳಲು ಅರ್ಧ ಗಂಟೆ ಬಿಡಬೇಕು ಎಂಬ ಒಂದೇ ಷರತ್ತಿನ ಮೇಲೆ ತಟಸ್ಥಳಾಗಿ ಉಳಿದಳು.

ಊರಿನವರ ಜಾಗ ಯಾವುದೆಂದು ತಿಳಿಯಲು ನನ್ನ ಬಳಿ ಶೆಟ್ಟರಿದ್ದರು. ಬ್ಯಾಂಕಿನಲ್ಲಿ ಮೂರು ವರ್ಷ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು, ಮೈಸೂರಿನ ಸಾರು ಸಪ್ಪೆ ಎಂದು ದೂರುತ್ತಲೇ ದಿನ ದೂಡಿ, ನಿವೃತ್ತರಾಗಿ ಕದ್ರಿಯಲ್ಲಿ ನೆಲೆಸಿದವರು. ಫೋನು ಮಾಡಿ ಕೇಳಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, "ಊರಿನವರು ಹೋಗುವ ಜಾಗವಾ? ಈ ಮಳೆಗೆ ನಾವು ಎಲ್ಲಿಗೂ ಹೋಗುದಿಲ್ಲ ಗೌಡ್ರೇ, ಮನೆಯಲ್ಲೇ ಇರುದು" ಎಂದರು. ಆ ಉತ್ತರದಲ್ಲಿದ್ದ ಎಚ್ಚರಿಕೆ ನನ್ನ ಕಿವಿಗೆ ಬೀಳಲಿಲ್ಲ.

ಮೊದಲ ಸಂಜೆಯೇ, ಟ್ಯಾಕ್ಸಿ ಬೇಡ, ಊರಿನವರಂತೆ ಬಸ್ಸಿನಲ್ಲಿ ಹೋಗೋಣ ಎಂದು ಕಾಲೇಜಿನ ಎದುರಿನ ನಿಲ್ದಾಣದಲ್ಲಿ ನಿಂತೆವು. ನಾವು ಉಳಿದುಕೊಂಡಿದ್ದ ವಸತಿಗೃಹ ಊರಿನ ನಡುವಿನ ಸಿಟಿ ಬಸ್ ನಿಲ್ದಾಣದ ಹತ್ತಿರವೇ ಇತ್ತು. ಸೀಟಿ ಊದುತ್ತ ಒಂದು ಬಸ್ಸು ಬಂದು ನಿಂತಿತು. ಬಾಗಿಲಲ್ಲಿ ಜೋತುಬಿದ್ದಿದ್ದ ಕಂಡಕ್ಟರು "ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್" ಎಂದು ಕೂಗಿದ. ಮೂವತ್ತೊಂದು ವರ್ಷ ಬೇರೊಂದು ಬ್ಯಾಂಕಿನ ಅನ್ನ ಉಂಡ ನನಗೆ ಅದು ಅಷ್ಟೇನೂ ಹಿತವಾಗಲಿಲ್ಲ. "ನಮಗೆ ಬ್ಯಾಂಕು ಬೇಡಪ್ಪಾ, ಬಸ್ ನಿಲ್ದಾಣಕ್ಕೆ ಹೋಗಬೇಕು" ಎಂದೆ. ಆತ ನನ್ನನ್ನೊಮ್ಮೆ ನೋಡಿ, ಉತ್ತರ ಕೊಡುವಷ್ಟು ಸಮಯವಿಲ್ಲದ ಕಾರಣ ಸೀಟಿ ಊದಿ ಹೊರಟುಹೋದ. ಎರಡನೆಯ ಬಸ್ಸೂ ಅಲ್ಲಿಗೇ, ಮೂರನೆಯದೂ ಅಲ್ಲಿಗೇ. ಸಂಜೆ ಆರು ಗಂಟೆ ಮೀರಿತ್ತು. ಈ ಹೊತ್ತಿನಲ್ಲಿ ಯಾವ ಬ್ಯಾಂಕು ತೆರೆದಿರುತ್ತದೆ, ಇಷ್ಟು ಜನ ತುಂಬಿಕೊಂಡು ಅಲ್ಲಿಗೇಕೆ ಹೋಗುತ್ತಿದ್ದಾರೆ ಎಂದು ನಾನು ಮಗಳಿಗೆ ಮಂಗಳೂರಿಗೂ ಬ್ಯಾಂಕುಗಳಿಗೂ ಇರುವ ಹಳೆಯ ನಂಟನ್ನು ವಿವರಿಸತೊಡಗಿದಾಗ, ಪಕ್ಕದಲ್ಲಿದ್ದ ವಿದ್ಯಾರ್ಥಿಯೊಬ್ಬ ತಡೆಯಲಾಗದೆ, "ಅಂಕಲ್, ಬಸ್ ಸ್ಟ್ಯಾಂಡಿಗೇ ಸ್ಟೇಟ್ ಬ್ಯಾಂಕ್ ಅಂತ ಹೇಳುದು" ಎಂದ. ನಾಲ್ಕನೆಯ ಬಸ್ಸಿನಲ್ಲಿ ನಾನು ಗಂಟಲು ಸರಿಪಡಿಸಿಕೊಂಡು, ಊರಿನವನ ಗತ್ತಿನಲ್ಲಿ, ಸ್ಟೇಟ್ ಬ್ಯಾಂಕಿಗೆ ಮೂರು ಟಿಕೆಟು ಕೇಳಿದೆ. ಮಗಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕುಳಿತಿದ್ದಳು. ಅವಳ ಭುಜ ಮಾತ್ರ ಅಲುಗುತ್ತಿತ್ತು.

ಮರುದಿನ ಬೆಳಿಗ್ಗೆ ನನ್ನ ಆಯ್ಕೆ ದಕ್ಕೆಯಾಗಿತ್ತು. ದಕ್ಕೆ ಎಂದರೆ ಬಂದರಿನ ಬಳಿ ಮೀನಿನ ದೋಣಿಗಳು ಬಂದು ನಿಲ್ಲುವ ಕಟ್ಟೆ. ಮುಂಜಾನೆ ಅಲ್ಲಿ ನಡೆಯುವ ಮೀನಿನ ಏಲಂ ನೋಡುವುದಕ್ಕಿಂತ ಊರಿನವರ ಜಾಗ ಇನ್ನೊಂದಿದೆಯೇ? ಮೈಸೂರಿನಿಂದ ತಂದಿದ್ದ ಛತ್ರಿಯು ಆಟೋದಿಂದ ಇಳಿದ ಎರಡನೆಯ ನಿಮಿಷದಲ್ಲಿ ಆಕಾಶಕ್ಕೆ ಅಂಗಲಾಚುವಂತೆ ಮೇಲ್ಮುಖವಾಗಿ ಅರಳಿಕೊಂಡಿತು. ನಮ್ಮ ಊರಿನಲ್ಲಿ ಮಳೆ ಮೇಲಿನಿಂದ ಬೀಳುತ್ತದೆ. ಮಂಗಳೂರಿನಲ್ಲಿ ಅದು ಪಕ್ಕದಿಂದ ಬರುತ್ತದೆ. ಕಟ್ಟೆಯ ಉದ್ದಕ್ಕೂ ಬಣ್ಣಬಣ್ಣದ ಬೋಟುಗಳು ಒಂದರ ಮೈಗೆ ಒಂದು ಒರಗಿಕೊಂಡು ಎಷ್ಟು ಒತ್ತಾಗಿ ನಿಂತಿದ್ದವೆಂದರೆ, ಒಂದರಿಂದ ಒಂದಕ್ಕೆ ಕಾಲಿಟ್ಟು ಬಹುದೂರ ಹೋಗಬಹುದಿತ್ತು. ಏಲಂ ಮಾತ್ರ ಎಲ್ಲಿಯೂ ಕಾಣಲಿಲ್ಲ. ಟಾರ್ಪಾಲಿನ ಕೆಳಗೆ ನಾಲ್ಕಾರು ಮಹಿಳೆಯರು ಬುಟ್ಟಿ ಇಟ್ಟುಕೊಂಡು ಕುಳಿತಿದ್ದರು. ಅವರಲ್ಲಿ ಹಿರಿಯರೊಬ್ಬರು ನಾವು ತೋಯುತ್ತಿರುವುದನ್ನು ಕಂಡು ಕೈಬೀಸಿ, "ಬಲೆ, ಬಲೆ" ಎಂದರು. ನಾನು ವಿನಯದಿಂದ, "ಬಲೆ ಬೇಡ ತಾಯಿ, ಮೀನು ಇದ್ದರೆ ಸಾಕು" ಎಂದೆ. ಆಕೆ ಪಕ್ಕದವರಿಗೆ ತುಳುವಿನಲ್ಲಿ ಏನನ್ನೋ ಹೇಳಿದರು, ಅವರು ಅವರ ಪಕ್ಕದವರಿಗೆ ಹೇಳಿದರು, ನಗು ಬುಟ್ಟಿಯಿಂದ ಬುಟ್ಟಿಗೆ ದಾಟುತ್ತ ಟಾರ್ಪಾಲಿನ ಕೊನೆ ಮುಟ್ಟಿತು. ತುಳುವಿನಲ್ಲಿ ಬಲೆ ಎಂದರೆ ಬನ್ನಿ ಎಂದರ್ಥವಂತೆ. ನನ್ನ ಹೆಂಡತಿ ಅಷ್ಟರಲ್ಲಿ ಆಗಲೇ ಟಾರ್ಪಾಲಿನ ಒಳಗೆ, ಆಕೆಯ ಪಕ್ಕದಲ್ಲಿ ನಿಂತು ತಲೆ ಒರೆಸಿಕೊಳ್ಳುತ್ತಿದ್ದಳು. ಕೈಬೀಸಿ ಕರೆದರೆ ಹೋಗಬೇಕು ಎಂಬುದಕ್ಕೆ ಅವಳಿಗೆ ಭಾಷೆ ಬೇಕಾಗಿರಲಿಲ್ಲ.

ಏಲಂ ಇಲ್ಲದ್ದರ ಕಾರಣ ತಿಳಿದದ್ದು ಮಧ್ಯಾಹ್ನ, ನಾಮಫಲಕವೇ ಇಲ್ಲದ ಒಂದು ಪುಟ್ಟ ಊಟದ ಹೋಟೆಲಿನಲ್ಲಿ. ನಾಮಫಲಕ ಇಲ್ಲದಿರುವುದು ಊರಿನವರ ಜಾಗ ಎಂಬುದಕ್ಕೆ ಪುರಾವೆ ಎಂದು ನಾನೇ ಅದನ್ನು ಆರಿಸಿದ್ದೆ. ಬಡಿಸಲು ಬಂದ ಹುಡುಗನಿಗೆ, ಬೆಳಿಗ್ಗೆ ಸಮುದ್ರದಿಂದ ಬಂದ ತಾಜಾ ಅಂಜಲ್ ಫ್ರೈ ಬೇಕೆಂದೆ. "ಬೋಟು ಬಂದ್ ಅಲ್ವಾ ಸರ್. ಐಸಿನದ್ದು ಉಂಟು, ಆಗ್ಬಹುದಾ?" ಎಂದ. ಮಳೆಗಾಲ ಮೀನುಗಳು ಮರಿ ಮಾಡುವ ಕಾಲವಾದ್ದರಿಂದ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಸಮುದ್ರ ಬಿಟ್ಟುಕೊಟ್ಟರೆ ನಾಡದೋಣಿಯವರು ತಂದದ್ದಷ್ಟೇ ತಾಜಾ. ಇದು ಆ ಊರಿನ ಮಕ್ಕಳಿಗೂ ಗೊತ್ತಿರುವ ವಿಷಯ. ನಾನು ಮುಖ ಉಳಿಸಿಕೊಳ್ಳಲು ಐಸಿನ ಅಂಜಲನ್ನೇ ತರಿಸಿಕೊಂಡೆ. ಸುತ್ತಲಿನ ಮೇಜುಗಳಲ್ಲಿ ಒಬ್ಬರ ತಟ್ಟೆಯಲ್ಲಿಯೂ ಅಂಜಲ್ ಇರಲಿಲ್ಲ. ಅವರು ಕೆಂಪು ಕುಚ್ಚಲಕ್ಕಿ ಅನ್ನದ ಜೊತೆ ಒಣಮೀನಿನ ಚಟ್ನಿಯನ್ನೂ ಪತ್ರೊಡೆಯನ್ನೂ ಕಣಿಲೆಯ ಪಲ್ಯವನ್ನೂ ನೆಮ್ಮದಿಯಿಂದ ತಿನ್ನುತ್ತಿದ್ದರು. ಕಣಿಲೆ ಎಂದರೆ ನಮ್ಮ ಕಳಲೆ, ಎಳೆಯ ಬಿದಿರು. ಊರಿನವರಿಗೆ ಗೊತ್ತಿರುವುದು ಜಾಗವಲ್ಲ, ಹೊತ್ತು ಎಂಬ ಅನುಮಾನ ನನಗೆ ಮೊದಲ ಬಾರಿ ಬಂದದ್ದು ಅಲ್ಲಿ, ಕುಚ್ಚಲಕ್ಕಿ ಅಗುಳನ್ನು ಮೂವತ್ತೆರಡನೆಯ ಸಲ ಅಗಿಯುತ್ತಿದ್ದಾಗ. ಸಂಜೆ ನಾಲ್ಕಕ್ಕೆ ಬನ್ಸ್ ಕೇಳಲು ಹೋಗಿ, ಅದು ಬೆಳಗಿನ ತಿಂಡಿ, ಈಗ ಗೋಳಿಬಜೆ ಎನ್ನಿಸಿಕೊಂಡಾಗ ಆ ಅನುಮಾನ ಗಟ್ಟಿಯಾಯಿತು. ಅಲ್ಲಿ ನಾನು "ಹಾಗಾದರೆ ಒಂದು ಪ್ಲೇಟ್ ಮಂಗಳೂರು ಬಜ್ಜಿ ಕೊಡಿ" ಎಂದು ಹೇಳಿದ್ದನ್ನು ಇಲ್ಲಿ ವಿವರವಾಗಿ ಬರೆಯುವ ಅಗತ್ಯವಿಲ್ಲ.

ಅಷ್ಟು ಹೊತ್ತಿಗೆ ನನ್ನ ಆಡಳಿತದಲ್ಲಿ ಜನರ ವಿಶ್ವಾಸ ಕುಸಿದಿದ್ದುದರಿಂದ ಮಗಳ ಪಟ್ಟಿಯಿಂದ ಒಂದಕ್ಕೆ ಒಪ್ಪಿಕೊಳ್ಳಬೇಕಾಯಿತು. ಅವಳು ಸುಲ್ತಾನ್ ಬತ್ತೇರಿ ಎಂದಳು. ದಾರಿಯನ್ನಾದರೂ ನಾನೇ ತೋರಿಸುತ್ತೇನೆ ಎಂದು ಆಟೋದಲ್ಲಿ ಕುಳಿತು ಫೋನಿನಲ್ಲಿ ಹೆಸರು ಬರೆದು ಚಾಲಕನ ಮುಂದೆ ಹಿಡಿದೆ. ಆತ ಇಣುಕಿ ನೋಡಿ, ಬಹಳ ಗೌರವದಿಂದ, "ಸರ್, ವಯನಾಡಿಗೆ ಆಟೋದಲ್ಲಿ ಹೋಗ್ಲಿಕ್ಕೆ ಆಗುದಿಲ್ಲ" ಎಂದ. ಮೈಸೂರಿನ ನನ್ನ ಫೋನು, ಮೈಸೂರಿಗರಿಗೆಲ್ಲ ಗೊತ್ತಿರುವ, ಗುಂಡ್ಲುಪೇಟೆ ದಾಟಿ ಕೇರಳಕ್ಕೆ ಹೋಗುವ ದಾರಿಯ ಸುಲ್ತಾನ್ ಬತ್ತೇರಿಯನ್ನು ಹುಡುಕಿ, ಆರೇಳು ಗಂಟೆಯ ಪ್ರಯಾಣವನ್ನು ನೀಲಿ ಗೆರೆಯಲ್ಲಿ ತೋರಿಸುತ್ತಿತ್ತು. ಎರಡೂ ಹೆಸರಿನ ಹಿಂದೆ ಇರುವುದು ಟಿಪ್ಪುವಿನ ಫಿರಂಗಿಯೇ. ಮಂಗಳೂರಿನ ಬತ್ತೇರಿ ಬೋಳೂರಿನಲ್ಲಿದೆ. ಗುರುಪುರ ನದಿಯೊಳಕ್ಕೆ ಯುದ್ಧನೌಕೆಗಳು ನುಗ್ಗದಂತೆ ಕಾಯಲು 1784ರಲ್ಲಿ ಕಟ್ಟಿಸಿದ ಕರಿಕಲ್ಲಿನ ಬುರುಜು ಅದು. ಕೋಟೆಯನ್ನು ನಿರೀಕ್ಷಿಸಿದ್ದ ನನಗೆ ಅದು ಕೋಟೆಯ ಮರಿಯಂತೆ ಕಂಡಿತು. ಆದರೆ ಮೆಟ್ಟಿಲು ಹತ್ತಿ, ಫಿರಂಗಿಗಾಗಿ ಬಿಟ್ಟಿರುವ ಕಂಡಿಯಲ್ಲಿ ತಲೆ ಇಟ್ಟು ನೋಡಿದಾಗ, ಕೆಳಗೆ ಕೆನ್ನೀರಿನಿಂದ ಉಬ್ಬಿದ ನದಿ, ಆಚೆ ದಡದಲ್ಲಿ ತಣ್ಣೀರುಬಾವಿಯ ಮರಗಳು, ಅದರಾಚೆ ಕಾಣದೆ ಮೊರೆಯುವ ಸಮುದ್ರ. ನಾನು ಬಂದ ಕೆಲಸವನ್ನೇ ಮರೆತು ಹದಿನೈದು ನಿಮಿಷ ಅಲ್ಲಿಯೇ ನಿಂತೆ. ಆಚೆ ದಡಕ್ಕೆ ಒಯ್ಯುವ ದೋಣಿಯನ್ನು ಅಂದು ಕಟ್ಟಿಹಾಕಿದ್ದರು. ಮಗಳು ನನ್ನ ಫೋಟೊ ತೆಗೆದಳು. ಫೋಟೊದಲ್ಲಿ ನಾನು ಎಲ್ಲ ಪ್ರವಾಸಿಗರಂತೆಯೇ ಕಾಣುತ್ತಿದ್ದೇನೆ, ಕೈಯಲ್ಲಿ ಮುರಿದ ಛತ್ರಿ ಬೇರೆ.

ರಾತ್ರಿ ಶೆಟ್ಟರು ಸಿಕ್ಕಿದಾಗ, ಐಸ್‌ಕ್ರೀಮನ್ನಾದರೂ ಊರಿನವರು ತಿನ್ನುವಲ್ಲಿ ತಿನ್ನಿಸಿ ಎಂದು ಕೇಳಿಕೊಂಡೆ. ಅವರು ನಮ್ಮನ್ನು ಕರೆದೊಯ್ದ ಅಂಗಡಿಯನ್ನು ನೋಡಿ ಮಗಳು ಫೋನು ತೆಗೆದು, ಪಟ್ಟಿಯ ಮೂರನೆಯ ಸಾಲಿನ ಮೇಲೆ ಬೆರಳಿಟ್ಟು ನನಗೆ ತೋರಿಸಿದಳು. ಹೊರಗೆ ಜಡಿಮಳೆ, ಒಳಗೆ ಕಾಲಿಡಲು ಜಾಗವಿಲ್ಲ. ಎತ್ತರದ ಗಾಜಿನ ಲೋಟದಲ್ಲಿ ಐಸ್‌ಕ್ರೀಮು, ಜೆಲ್ಲಿ, ಹಣ್ಣು, ಗೋಡಂಬಿಗಳು ಪದರಪದರವಾಗಿ ಕುಳಿತ ಗಡ್‌ಬಡ್ ಬಂದಾಗ ನಾನು ಶೆಟ್ಟರ ಕಿವಿಯಲ್ಲಿ, "ಇದು ಪ್ರವಾಸಿಗರ ಅಂಗಡಿಯಲ್ಲವೇ?" ಎಂದೆ. "ಪ್ರವಾಸಿಗರು ಬರ್ತಾರೆ ಅಂತ ನಾವು ಐಸ್‌ಕ್ರೀಮ್ ಬಿಡ್ಲಿಕ್ಕೆ ಆಗ್ತದಾ ಮಾರಾಯ್ರೆ?" ಎಂದು ಅವರು ಉದ್ದ ಚಮಚವನ್ನು ಲೋಟದ ತಳಕ್ಕೆ ಇಳಿಸಿದರು. ಆಮೇಲೆ ನನ್ನ ಮುಖ ಸಪ್ಪಗಾದದ್ದನ್ನು ಕಂಡು ಕನಿಕರ ಬಂದಿರಬೇಕು. "ಹೊರಗಿನವರಿಗೆ ಸಿಕ್ಕದ್ದೇ ಬೇಕಂತ ಉಂಟಾದರೆ ನಾಳೆ ಬೆಳಿಗ್ಗೆ ಐದೂವರೆಗೆ ಮನೆಗೆ ಬನ್ನಿ. ಖಾಲಿ ಹೊಟ್ಟೆಯಲ್ಲಿ ಬನ್ನಿ" ಎಂದರು. ಖಾಲಿ ಹೊಟ್ಟೆ ಎಂಬ ಮಾತಿನಿಂದ ನಾನು ರಾತ್ರಿಯಿಡೀ ಒಂದು ದೊಡ್ಡ ಬಾಳೆಲೆಯನ್ನು ಕಲ್ಪಿಸಿಕೊಂಡು ಮಲಗಿದೆ.

ಮರುದಿನ ಆಟಿ ಅಮಾವಾಸ್ಯೆ. ತುಳುನಾಡಿನವರು ಅಂದು ಸೂರ್ಯ ಹುಟ್ಟುವ ಮೊದಲೇ ಹಾಲೆ ಮರದ ತೊಗಟೆಯನ್ನು, ಕಬ್ಬಿಣ ತಾಗಿಸದೆ ಕಲ್ಲಿನಿಂದಲೇ ಜಜ್ಜಿ ತಂದು, ಅರೆದು ರಸ ತೆಗೆದು, ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ, ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ಅದರಲ್ಲಿ ಚುಂಯ್ ಎನ್ನಿಸಿ ಕುಡಿಯುತ್ತಾರೆ. ಶೆಟ್ಟರ ಮನೆಯವರು ನನ್ನ ಹೆಂಡತಿಗೂ ಮಗಳಿಗೂ ಒಂದೊಂದು ಚಮಚ ಕೊಟ್ಟರು. ನನ್ನ ಕೀರ್ತಿ ಮೊದಲೇ ತಲುಪಿದ್ದುದರಿಂದ ನನಗೆ ಲೋಟ ತುಂಬ ಬಂತು. ಕಹಿ ಎಂದರೆ ಹಾಗಲಕಾಯಿ ಎಂದು ಇಷ್ಟು ವರ್ಷ ತಿಳಿದಿದ್ದ ನಾನು ಆ ಬಡ ತರಕಾರಿಯ ಕ್ಷಮೆ ಕೇಳಬೇಕಾಗಿದೆ. ಮೊದಲ ಗುಟುಕು ನಾಲಿಗೆಯ ಮೇಲೆ ಇಳಿಯಿತು, ಎರಡನೆಯದು ಕಿವಿಗಳಲ್ಲಿ ಕೇಳಿಸಿತು, ಮೂರನೆಯದಕ್ಕೆ ಏಳನೆಯ ತರಗತಿಯ ಮೇಷ್ಟರು ಕಣ್ಣ ಮುಂದೆ ಬಂದು ನಿಂತರು. ಲೋಟ ಬರಿದಾದ ಮೇಲೆ ಶೆಟ್ಟರು, ಮರದ ಗುರುತು ಬಲ್ಲವರೇ ಇದನ್ನು ತರಬೇಕು, ಕತ್ತಲಲ್ಲಿ ತಪ್ಪಿ ಬೇರೆ ಮರದ ತೊಗಟೆ ತಂದರೆ ಪ್ರಾಣಕ್ಕೇ ಅಪಾಯ ಎಂದು ತಿಳಿಸಿದರು. ಈ ಮಾತನ್ನು ಲೋಟ ತುಂಬಿದ್ದಾಗಲೇ ಹೇಳಬಹುದಿತ್ತು. ದೇಹವನ್ನು ತಂಪಾಗಿಸಲು ಕೊಟ್ಟ ಮೆಂತೆ ಗಂಜಿ ಮಾತ್ರ ಅಮೃತವಾಗಿತ್ತು. ಆ ಕಷಾಯದ ನಂತರ ಸುಣ್ಣದ ನೀರೂ ಅಮೃತವಾಗುತ್ತಿತ್ತೇನೋ.

"ಇವತ್ತು ಎಲ್ಲಿಗೆ?" ಎಂದು ಶೆಟ್ಟರು ಕೇಳಿದಾಗ ಬಾಯಿ ತೆರೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮಗಳು ಪಟ್ಟಿಯ ಮೊದಲನೆಯದನ್ನು ಓದಿದಳು: ಸಂತ ಅಲೋಶಿಯಸ್ ಚಾಪೆಲ್, ಲೈಟ್ ಹೌಸ್ ಹಿಲ್. "ನಾವು ಬಾವುಟಗುಡ್ಡೆ ಅಂತ ಹೇಳುದು. 1837ರಲ್ಲಿ ಕಂಪನಿಯವರ ಬಾವುಟ ಇಳಿಸಿ ನಮ್ಮವರು ಬಾವುಟ ಹಾರಿಸಿದ ಗುಡ್ಡೆ" ಎಂದ ಶೆಟ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು, ಧ್ವನಿ ತಗ್ಗಿಸಿ, "ನಾನೂ ಬರ್ತೇನೆ. ಒಳಗೆ ನೋಡಿದ್ದೇ ಇಲ್ಲ" ಎಂದರು. ಅವರ ಮನೆಯಿಂದ ಅದು ಹೆಚ್ಚು ದೂರವೇನೂ ಇಲ್ಲ.

ಹೊರಗಿನಿಂದ ಸಾಧಾರಣವಾಗಿ ಕಾಣುವ ಆ ಚಾಪೆಲಿನ ಒಳಗೆ ಕಾಲಿಟ್ಟವರು ಮೊದಲು ಮಾಡುವುದು ಕತ್ತು ಮೇಲೆತ್ತುವುದು, ಆಮೇಲೆ ಮಾಡುವುದು ಅದನ್ನು ಇಳಿಸಲು ಮರೆಯುವುದು. ಗೋಡೆ, ಕಮಾನು, ಚಾವಣಿ, ಬಣ್ಣವಿಲ್ಲದ ಜಾಗ ಹುಡುಕಿದರೂ ಸಿಗುವುದು ಕಷ್ಟ. ಇಟಲಿಯ ಬೆರ್ಗಾಮೊ ಕಡೆಯ ಜೆಸ್ವಿಟ್ ಬ್ರದರ್ ಅಂತೋನಿಯೊ ಮೋಸ್ಕೆನಿ 1899ರಲ್ಲಿ ಇಲ್ಲಿಗೆ ಬಂದು, ಎರಡು ವರ್ಷಕ್ಕೂ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ ಇದನ್ನೆಲ್ಲ ಬರೆದರಂತೆ. ಎರಡು ದಿನದ ಮಂಗಳೂರಿನ ತೇವಕ್ಕೆ ನನ್ನ ಅಂಗಿಯೇ ಬಣ್ಣ ಬಿಟ್ಟಿರುವಾಗ, ಆ ಸಂತರ ಉಡುಪಿನ ಕೆಂಪು ಅಷ್ಟು ಗಾಢವಾಗಿ ನಿಂತಿರುವುದನ್ನು ನೋಡಿ ನನ್ನ ಹೆಂಡತಿ ಗೋಡಂಬಿಯ ಮಾತನ್ನೇ ಎತ್ತಲಿಲ್ಲ. ಶೆಟ್ಟರಂತೂ ನಡುವೆ ನಿಂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಾಯಿ ತೆರೆದು ಚಾವಣಿಯನ್ನೇ ನೋಡುತ್ತಿದ್ದರು.

ಬಂದವರಿಗೆ ವಿವರ ಹೇಳುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದು ನಗುತ್ತ, "ಎಲ್ಲಿಂದ ಬಂದದ್ದು ನೀವು?" ಎಂದು ಶೆಟ್ಟರನ್ನೇ ಕೇಳಿದರು. ಶೆಟ್ಟರು ಬೆಚ್ಚಿ, ಒಮ್ಮೆ ನನ್ನನ್ನು ನೋಡಿ, "ಮೈಸೂರಿನಿಂದ" ಎಂದುಬಿಟ್ಟರು.

"ಹೌದಾ? ನಾನು ಹೋದ ವರ್ಷವಷ್ಟೇ ನಿಮ್ಮ ಅರಮನೆ ನೋಡಿ ಬಂದೆ. ಕಲ್ಯಾಣ ಮಂಟಪದ ಚಾವಣಿಯಲ್ಲಿ ಬಣ್ಣದ ಗಾಜಿನ ನವಿಲುಗಳು ಉಂಟಲ್ಲ, ಎಂತ ಚಂದ! ನೀವು ಯಾವಾಗ ಬೇಕಾದರೂ ಹೋಗಿ ನೋಡಬಹುದು, ಪುಣ್ಯವಂತರು" ಎಂದರು ಅವರು.

ಶೆಟ್ಟರು ಉತ್ತರಕ್ಕಾಗಿ ನನ್ನ ಕಡೆ ತಿರುಗಿದರು. ನನ್ನ ಹೆಂಡತಿಯೂ ಮಗಳೂ ತಿರುಗಿದರು. ನಾನು ಮತ್ತೆ ಕತ್ತೆತ್ತಿ, ಮೋಸ್ಕೆನಿಯ ಚಾವಣಿಯನ್ನು ಬಹಳ ಗಮನವಿಟ್ಟು ನೋಡತೊಡಗಿದೆ.